ನಿಲ್ದಾಣಕ್ಕೆ ಅಂಕ ಕೊಡುವವರು ಯಾರು?

ಗಲ್ಫ್‌ನಿಂದ ರಜೆಯಲ್ಲಿ ಬಂದ ನಾಲ್ಕು ಮಂದಿ ಮದುವೆ ಮನೆಯಲ್ಲಿ ಒಟ್ಟಾದರೆ ಮಾತು ಎಲ್ಲೆಲ್ಲೋ ಸುತ್ತಿ ಕೊನೆಗೆ ವಿಮಾನ ನಿಲ್ದಾಣಕ್ಕೇ ಬಂದು ನಿಲ್ಲುತ್ತದೆ. ದುಬೈಯಲ್ಲಿ ಕೆಲಸ ಎಷ್ಟು ಬೇಗ ಮುಗಿಯುತ್ತದೆ, ದೋಹಾದ ನೆಲ ಹೇಗೆ ಹೊಳೆಯುತ್ತದೆ, ಸಿಂಗಾಪುರದಲ್ಲಿ ಕಟ್ಟಡದ ಒಳಗೇ ಜಲಪಾತವಿದೆಯಂತೆ, ಇಂಥ ಊರಿನಲ್ಲಿ ಬ್ಯಾಗು ಬರಲು ಎರಡು ಗಂಟೆ ಹಿಡಿಯಿತು ಎಂದು ಒಬ್ಬರಿಗಿಂತ ಒಬ್ಬರು ಹೇಳತೊಡಗುತ್ತಾರೆ. ನಾವಿದ್ದ ಅಂಥದೊಂದು ಕೂಟದಲ್ಲಿ ಇದು ಪಂದ್ಯವೇ ಆಗಿಹೋಯಿತು. ಪ್ರತಿಯೊಬ್ಬರೂ ತಾವು ಕಂಡ ಅತ್ಯುತ್ತಮ ಮತ್ತು ಅತಿ ಕೆಟ್ಟ ನಿಲ್ದಾಣವನ್ನು ಹೆಸರಿಸಬೇಕು. ಎಲ್ಲರೂ ಹೆಸರಿಸಿದರು. ಮೂಲೆಯಲ್ಲಿ ಕುಳಿತಿದ್ದ ಹಿರಿಯರೊಬ್ಬರು ಮಾತ್ರ ಬಾಯಿ ಬಿಡಲಿಲ್ಲ. ಅವರ ವಿಷಯಕ್ಕೆ ಆಮೇಲೆ ಬರೋಣ.

ಮದುವೆ ಮನೆಯ ಈ ಪಂದ್ಯವನ್ನೇ ಜಗತ್ತಿನ ಮಟ್ಟದಲ್ಲಿ ನಡೆಸುವವರಿದ್ದಾರೆ. ಸ್ಕೈಟ್ರಾಕ್ಸ್ ಎಂಬ ಬ್ರಿಟಿಷ್ ಸಂಸ್ಥೆ ಪ್ರಯಾಣಿಕರ ಅಭಿಪ್ರಾಯ ಕೇಳಿ ವರ್ಷವರ್ಷವೂ ನಿಲ್ದಾಣಗಳ ಶ್ರೇಯಾಂಕ ಪ್ರಕಟಿಸುತ್ತದೆ. ಸಿಂಗಾಪುರದ ಚಾಂಗಿ ನಿಲ್ದಾಣ 2013ರಿಂದ 2020ರವರೆಗೆ ಸತತ ಎಂಟು ವರ್ಷ ಮೊದಲ ಸ್ಥಾನದಲ್ಲಿತ್ತು. 2021, 2022 ಮತ್ತು 2024ರಲ್ಲಿ ದೋಹಾದ ಹಮದ್ ನಿಲ್ದಾಣ ಆ ಸ್ಥಾನ ಪಡೆಯಿತು. 2023 ಮತ್ತು 2025ರಲ್ಲಿ ಚಾಂಗಿ ಅದನ್ನು ಮರಳಿ ಪಡೆಯಿತು. ಚಾಂಗಿಯಲ್ಲಿ ಚಿಟ್ಟೆಗಳ ತೋಟವಿದೆ, ಮಾಳಿಗೆಯ ಮೇಲೆ ಈಜುಕೊಳವಿದೆ. 2019ರಲ್ಲಿ ತೆರೆದ ಜುವೆಲ್ ಕಟ್ಟಡದಲ್ಲಿ 40 ಮೀಟರ್ ಎತ್ತರದಿಂದ ನೀರು ಧುಮುಕುತ್ತದೆ. ಅಚ್ಚುಕಟ್ಟು, ವೇಗ, ಶುಚಿತ್ವಗಳಲ್ಲಿ ಈ ನಿಲ್ದಾಣಗಳು ಹೊಗಳಿಕೆಗೆ ಅರ್ಹವೇ. ಅದರಲ್ಲಿ ನಮಗೆ ತಕರಾರಿಲ್ಲ.

ನಮ್ಮ ತಕರಾರು ಅಳತೆಗೋಲಿನ ಬಗ್ಗೆ. ಇಂಥ ಶ್ರೇಯಾಂಕಗಳಲ್ಲೂ ಪ್ರವಾಸ ಕಥನಗಳಲ್ಲೂ ನಿಲ್ದಾಣವನ್ನು ಅಳೆಯುವವನು ಸಾಮಾನ್ಯವಾಗಿ ಒಬ್ಬ ಗಿರಾಕಿ. ಕೈಯಲ್ಲಿ ಗಟ್ಟಿ ಪಾಸ್‌ಪೋರ್ಟ್, ಕಿಸೆಯಲ್ಲಿ ಕಾಸು, ಕಳೆಯಲು ಎರಡು ಗಂಟೆ ಹೊತ್ತು ಇರುವವನು. ಇದಕ್ಕೆ ಕಾರಣವೂ ಇದೆ. 1947ರಲ್ಲಿ ಐರ್ಲೆಂಡಿನ ಶಾನನ್ ನಿಲ್ದಾಣದಲ್ಲಿ ಜಗತ್ತಿನ ಮೊದಲ ಸುಂಕರಹಿತ ಅಂಗಡಿ ತೆರೆಯಿತು. ಅಂದಿನಿಂದ ನಿಲ್ದಾಣ ದಾರಿಯ ತಂಗುದಾಣವಾಗಿ ಉಳಿಯದೆ ಮೆಲ್ಲಮೆಲ್ಲನೆ ಪೇಟೆಯಾಯಿತು. ಪೇಟೆಗೆ ಅಂಕ ಕೊಡುವಾಗ ಅಂಗಡಿ, ಕಾಫಿ, ಕುರ್ಚಿಗಳ ಲೆಕ್ಕವೇ ಮುಂದೆ ಬರುತ್ತದೆ. ಕೌಂಟರಿನಿಂದ ಪಕ್ಕದ ಕೋಣೆಗೆ ಕರೆದೊಯ್ಯಲ್ಪಟ್ಟವನು, ಏಜೆಂಟನ ದಾರಿ ಕಾಯುತ್ತಾ ನೆಲದ ಮೇಲೆ ಮಲಗಿದವನು ಗಿರಾಕಿಯಲ್ಲ. ಅವನ ಅಂಕ ಎಲ್ಲಿ ಸೇರುತ್ತದೆ?

ಪ್ರಯಾಣದ ಸೌಕರ್ಯಗಳನ್ನು ಹೋಲಿಸಿ ಬರೆಯುವುದು ಹೊಸದೇನಲ್ಲ. 14ನೆಯ ಶತಮಾನದಲ್ಲಿ ನಮ್ಮ ಕರಾವಳಿಗೆ ಬಂದ ಇಬ್ನ್ ಬತೂತ ಈ ಕೆಲಸವನ್ನು ಬಹಳ ಚೆನ್ನಾಗಿ ಮಾಡಿದ್ದಾನೆ. ಹೊನ್ನಾವರ, ಬಾರಕೂರು, ಮಂಗಳೂರುಗಳನ್ನು ಕಂಡ ಆತ, ಗೋವೆಯಿಂದ ಕೊಲ್ಲಂವರೆಗಿನ ದಾರಿಯನ್ನು ಮೆಚ್ಚಿ ಬರೆದ. ದಾರಿಯುದ್ದಕ್ಕೂ ಮರದ ನೆರಳು, ಅರ್ಧರ್ಧ ಮೈಲಿಗೆ ಮರದ ತಂಗುಮನೆ, ಯಾವ ಧರ್ಮದವನೇ ಆದರೂ ಕುಳಿತುಕೊಳ್ಳಬಹುದಾದ ಜಗಲಿ, ಪಕ್ಕದಲ್ಲಿ ಬಾವಿ, ನೀರು ಕೊಡಲು ಒಬ್ಬ ಮನುಷ್ಯ. ಕಳ್ಳರ ಭಯವಿಲ್ಲದ ದಾರಿ ಎಂದೂ ಹೊಗಳಿದ. ಅಲ್ಲಿಗೇ ನಿಲ್ಲಿಸಲಿಲ್ಲ. ಹಿಂದೂ ಪ್ರಯಾಣಿಕನಿಗೆ ನೀರನ್ನು ಪಾತ್ರೆಯಲ್ಲಿ ಕೊಡುತ್ತಿದ್ದರು, ಮುಸ್ಲಿಮನಿಗೆ ಬೊಗಸೆಗೆ ಹೊಯ್ಯುತ್ತಿದ್ದರು ಎಂಬುದನ್ನೂ ಬರೆದಿಟ್ಟ.

ಇದು ನಮಗೆ ಮಾದರಿಯಾಗಬಹುದಾದ ವಿಮರ್ಶೆ. ನೀರು ಎಲ್ಲರಿಗೂ ಸಿಗುತ್ತಿತ್ತು ಎಂಬುದನ್ನು ಆತ ಮರೆಮಾಚಲಿಲ್ಲ. ಅದನ್ನು ಕೊಡುವ ರೀತಿ ಎಲ್ಲರಿಗೂ ಒಂದೇ ಆಗಿರಲಿಲ್ಲ ಎಂಬುದನ್ನೂ ಮರೆಮಾಚಲಿಲ್ಲ. ಇಂದಿನ ನಿಲ್ದಾಣಗಳನ್ನು ಕುರಿತೂ ಈ ಎರಡು ಪ್ರಶ್ನೆಗಳನ್ನು ಒಟ್ಟಿಗೇ ಕೇಳಬೇಕು: ಏನು ಕೊಟ್ಟರು, ಯಾರಿಗೆ ಹೇಗೆ ಕೊಟ್ಟರು?

ಈ ದೃಷ್ಟಿಯಿಂದ ನೋಡಿದರೆ ನಮ್ಮ ಕಾಲದ ಒಂದು ಕಟ್ಟಡ ಎದ್ದು ಕಾಣುತ್ತದೆ. ಅದು 1981ರಲ್ಲಿ ಬಳಕೆಗೆ ಬಂದ ಜಿದ್ದಾದ ಹಜ್ಜ್ ಟರ್ಮಿನಲ್. ಸ್ಕಿಡ್‌ಮೋರ್, ಓವಿಂಗ್ಸ್ ಆಂಡ್ ಮೆರಿಲ್ ಎಂಬ ಅಮೆರಿಕದ ಸಂಸ್ಥೆಯ ವಾಸ್ತುಶಿಲ್ಪಿ ಗೋರ್ಡನ್ ಬನ್‌ಶಾಫ್ಟ್ ಮತ್ತು ಬಂಗಾಳ ಮೂಲದ ಇಂಜಿನಿಯರ್ ಫಝ್ಲುರ್ ರಹ್ಮಾನ್ ಖಾನ್ ಇದರ ಹಿಂದಿದ್ದವರು. ಚಿಕಾಗೋದ ಸಿಯರ್ಸ್ ಟವರಿನ ರಚನೆಯನ್ನು ರೂಪಿಸಿದವರು ಇದೇ ಖಾನ್. ಅವರು 1982ರಲ್ಲಿ ತೀರಿಕೊಂಡದ್ದು ಜಿದ್ದಾದಲ್ಲೇ. ಈ ಟರ್ಮಿನಲ್‌ನ ಕಾಯುವ ಜಾಗಕ್ಕೆ ಸುತ್ತ ಗೋಡೆಗಳಿಲ್ಲ. ಉಕ್ಕಿನ ಕಂಬ, ಹಗ್ಗಗಳಿಗೆ ತೂಗಿಬಿಟ್ಟ 210 ಬಿಳಿಯ ಡೇರೆಗಳೇ ಅದರ ಚಾವಣಿ. ಬಿಸಿಲಿನ ಬಹುಪಾಲು ಶಾಖವನ್ನು ಬಟ್ಟೆ ಹಿಂದಕ್ಕೆ ಎಸೆಯುತ್ತದೆ. ಒಳಗಿನ ಬಿಸಿಗಾಳಿ ಡೇರೆಯ ತುದಿಯ ಕಂಡಿಯಿಂದ ಹೊರಗೆ ಹೋಗುತ್ತದೆ. ಬದಿಗಳಿಂದ ಗಾಳಿಯಾಡುತ್ತದೆ.

ಈ ಕಟ್ಟಡದ ಹೆಚ್ಚುಗಾರಿಕೆ ಡೇರೆಯ ಚೆಲುವಿನಲ್ಲಷ್ಟೇ ಇಲ್ಲ. ವಿನ್ಯಾಸ ಮಾಡಿದವರು ಮೊದಲು ಕೇಳಿಕೊಂಡ ಪ್ರಶ್ನೆ ಸರಿಯಾಗಿತ್ತು. ಬರುವವರು ಯಾರು? ಬಹುಶಃ ಜೀವನದಲ್ಲಿ ಮೊದಲ ಬಾರಿಗೆ ವಿಮಾನ ಹತ್ತಿದ ರೈತ, ಇಹ್ರಾಮ್ ಉಟ್ಟ ಮುದುಕ, ಹಾಸಿಗೆ ಗಂಟು ಹೊತ್ತ ಮುದುಕಿ. ಬಂದಿಳಿದಾಗ 50,000 ಮಂದಿ 18 ಗಂಟೆಗಳವರೆಗೆ, ಮರಳುವಾಗ 80,000 ಮಂದಿ 36 ಗಂಟೆಗಳವರೆಗೆ ಕಾಯಬೇಕಾಗಬಹುದು ಎಂದು ಲೆಕ್ಕ ಹಾಕಿಯೇ ಇದನ್ನು ಕಟ್ಟಿದರು. ಕಾಯುವುದು ತಪ್ಪದಿದ್ದರೆ ಅದು ನೆರಳಿನಲ್ಲಿ, ಗಾಳಿಯಲ್ಲಿ, ಮಲಗಲು, ವುಝೂ ಮಾಡಲು, ನಮಾಝ್ ನಿರ್ವಹಿಸಲು ಅನುಕೂಲವಿರುವಲ್ಲಿ ಆಗಲಿ ಎಂಬುದು ಅವರ ವಿಚಾರ. 1983ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಇದಕ್ಕೆ ಬಂದದ್ದು ಸರಿಯಾಗಿಯೇ ಇತ್ತು.

ಆದರೆ ಎಂಥ ಡೇರೆಯೂ ಕಾಗದಪತ್ರದ ಕೆಲಸವನ್ನು ಬೇಗ ಮುಗಿಸಿಕೊಡಲಾರದು. ಅದೇ ನೆರಳಿನಲ್ಲಿ ಪಾಸ್‌ಪೋರ್ಟಿಗಾಗಿ, ಬಸ್ಸಿಗಾಗಿ ಗಂಟೆಗಟ್ಟಲೆ ಕಾದ ಕಥೆಯನ್ನು ಹಜ್ಜ್‌ಗೆ ಹೋಗಿ ಬಂದ ಯಾವ ಹಿರಿಯರನ್ನು ಕೇಳಿದರೂ ಹೇಳುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಇಂಡೋನೇಷ್ಯಾ, ಮಲೇಶ್ಯಾ, ಪಾಕಿಸ್ತಾನ ಮುಂತಾದ ದೇಶಗಳ ಕೆಲವು ನಿಲ್ದಾಣಗಳಲ್ಲಿ ಯಾತ್ರಿಕರು ವಿಮಾನ ಹತ್ತುವ ಮೊದಲೇ ಸೌದಿಯ ಪ್ರವೇಶ ತಪಾಸಣೆ ಮುಗಿಸುವ ಏರ್ಪಾಡು ಬಂದಿದೆ. ಅಂದರೆ, ಕಾಯುವ ಕಷ್ಟಕ್ಕೆ ಕೊನೆಯ ಮದ್ದು ಒಳ್ಳೆಯ ಚಾವಣಿಯಲ್ಲ, ಪ್ರಯಾಣಿಕನ ಮೇಲಿನ ನಂಬಿಕೆ.

ಆ ನಂಬಿಕೆ ಇಲ್ಲವಾದಾಗ ಏನಾಗುತ್ತದೆ? 2004ರಲ್ಲಿ ತೆರೆಕಂಡ ಸ್ಟೀವನ್ ಸ್ಪೀಲ್‌ಬರ್ಗ್‌ರ 'ದಿ ಟರ್ಮಿನಲ್' ಚಿತ್ರವನ್ನು ನಮ್ಮ ಓದುಗರಲ್ಲಿ ಹಲವರು ನೋಡಿರಬಹುದು. ತನ್ನ ದೇಶದಲ್ಲಿ ಕ್ಷಿಪ್ರಕ್ರಾಂತಿಯಾಗಿ ಪಾಸ್‌ಪೋರ್ಟ್ ಕೆಲಸಕ್ಕೆ ಬಾರದಂತಾದ ಒಬ್ಬ ಮನುಷ್ಯ ನ್ಯೂಯಾರ್ಕಿನ ನಿಲ್ದಾಣದಲ್ಲಿ ಸಿಕ್ಕಿಬೀಳುತ್ತಾನೆ. ಟಾಮ್ ಹ್ಯಾಂಕ್ಸ್‌ರ ಅಭಿನಯ ಮನಸ್ಸಿಗೆ ಹಿಡಿಸುತ್ತದೆ, ಚಿತ್ರ ನಗಿಸುತ್ತದೆ, ಕಣ್ಣನ್ನೂ ತೇವಗೊಳಿಸುತ್ತದೆ. ಆದರೆ ಚಿತ್ರಕ್ಕೆ ಪ್ರೇರಣೆಯಾದದ್ದೆಂದು ಹೇಳಲಾಗುವ ನಿಜಜೀವನವನ್ನು ಅದರ ಪಕ್ಕದಲ್ಲಿಟ್ಟು ನೋಡಿ. ಮೆಹ್ರಾನ್ ಕರೀಮಿ ನಾಸ್ಸೇರಿ ಎಂಬ ಇರಾನಿ ಕಾಗದಪತ್ರಗಳಿಲ್ಲದೆ ಪ್ಯಾರಿಸ್‌ನ ಚಾರ್ಲ್ಸ್ ದ ಗಾಲ್ ನಿಲ್ದಾಣದಲ್ಲಿ 1988ರಿಂದ 2006ರವರೆಗೆ, ಹದಿನೆಂಟು ವರ್ಷ, ಒಂದು ಬೆಂಚಿನ ಮೇಲೆ ಬದುಕಿದರು. ಕೊನೆಗಾಲದಲ್ಲಿ ಅಲ್ಲಿಗೇ ಮರಳಿ, 2022ರ ನವೆಂಬರಿನಲ್ಲಿ ಅದೇ ನಿಲ್ದಾಣದಲ್ಲಿ ತೀರಿಕೊಂಡರು.

ಚಿತ್ರದಲ್ಲಿ ಹದಿನೆಂಟು ವರ್ಷಗಳು ಕೆಲವೇ ತಿಂಗಳುಗಳಾಗಿವೆ. ಇರಾನಿ ಮನುಷ್ಯ ಎಲ್ಲೂ ಇಲ್ಲದ ಕ್ರಕೋಝಿಯಾ ಎಂಬ ಪೂರ್ವ ಯುರೋಪಿನ ದೇಶದವನಾಗಿದ್ದಾನೆ. ಒಂದು ವ್ಯವಸ್ಥೆಯ ತಪ್ಪು ಒಬ್ಬ ಅಧಿಕಾರಿಯ ಹಟವಾಗಿದೆ. ಆ ಒಬ್ಬನನ್ನು ಸೋಲಿಸಿದರೆ ಎಲ್ಲವೂ ಸರಿಹೋಯಿತೆಂದು ನಾವು ಸಮಾಧಾನದಿಂದ ಮನೆಗೆ ಹೋಗಬಹುದು. ಚಿತ್ರದ ನಿಲ್ದಾಣವೂ ಥಳಥಳಿಸುವ ಅಂಗಡಿಗಳ ಸಾಲೇ. ಆದರೆ ಅದರಲ್ಲಿ ಒಂದು ಪಾತ್ರ ನಮ್ಮನ್ನು ಹಿಡಿದು ನಿಲ್ಲಿಸುತ್ತದೆ: ನೆಲ ಒರೆಸುವ ಗುಪ್ತಾ. ಆ ಪಾತ್ರದಲ್ಲಿ ನಟಿಸಿದವರು ಕುಮಾರ್ ಪಲ್ಲಣ. ಪೊಲೀಸ್ ಕೇಸಿಗೆ ಹೆದರಿ ಮದ್ರಾಸು ಬಿಟ್ಟು ಓಡಿಬಂದ ಈ ಮುದುಕ, ಗೆಳೆಯನಿಗಾಗಿ ಕೈಯಲ್ಲೊಂದು ನೆಲ ಒರೆಸುವ ಕೋಲು ಹಿಡಿದು ವಿಮಾನಕ್ಕೇ ಅಡ್ಡ ನಿಲ್ಲುತ್ತಾನೆ. ನಾಯಕ ನ್ಯೂಯಾರ್ಕ್ ನೋಡುತ್ತಾನೆ. ಗುಪ್ತಾ ಬಂಧನಕ್ಕೊಳಗಾಗುತ್ತಾನೆ. ಚಿತ್ರಕ್ಕೆ ಅವನ ಮುಂದಿನ ಗತಿಯ ಚಿಂತೆಯಿಲ್ಲ.

2009ರ ಆಗಸ್ಟಿನಲ್ಲಿ ಶಾರುಖ್ ಖಾನ್‌ರನ್ನು ಅಮೆರಿಕದ ನ್ಯೂವಾರ್ಕ್ ನಿಲ್ದಾಣದಲ್ಲಿ ಗಂಟೆಗೂ ಹೆಚ್ಚು ಕಾಲ ಕೂರಿಸಿ ವಿಚಾರಿಸಿದಾಗ ದೇಶವೇ ಗದ್ದಲವೆದ್ದಿತು. ರಾಯಭಾರ ಕಚೇರಿ ಮಧ್ಯೆ ಪ್ರವೇಶಿಸಿತು, ಮಂತ್ರಿಗಳು ಮಾತಾಡಿದರು. ಅದೇ ಖಾನ್ ಹೆಸರಿನ ಒಬ್ಬ ವಿದ್ಯಾರ್ಥಿಗೆ ಹೀಗಾದರೆ ಯಾವ ಮಂತ್ರಿ ಮಾತಾಡುತ್ತಾರೆ? ತಪಾಸಣೆಯೇ ಬೇಡವೆಂದು ನಾವು ಹೇಳುವುದಿಲ್ಲ. ವಿಮಾನದಲ್ಲಿ ನಮ್ಮ ಮಕ್ಕಳೂ ಕುಳಿತಿರುತ್ತಾರೆ. ಆದರೆ ತಪಾಸಣೆ ಮಾಡಬೇಕಾದದ್ದು ಚೀಲವನ್ನು, ಹೆಸರನ್ನಲ್ಲ. 2017ರ ಜನವರಿಯಲ್ಲಿ ಮುಸ್ಲಿಮರು ಬಹುಸಂಖ್ಯಾತರಾಗಿರುವ ಏಳು ದೇಶಗಳವರಿಗೆ ಅಮೆರಿಕದ ಬಾಗಿಲು ಹಠಾತ್ತನೆ ಮುಚ್ಚಿದಾಗ, ಆಕಾಶದಲ್ಲಿದ್ದವರು ನೆಲಕ್ಕಿಳಿಯುವಷ್ಟರಲ್ಲಿ ಅನರ್ಹರಾಗಿದ್ದರು. ಅದು ಖಂಡಿತ ಕೆಟ್ಟ ಅನುಭವಗಳ ಪಟ್ಟಿಯ ಮೊದಲ ಸಾಲಿನಲ್ಲಿರಬೇಕು. ಆದರೆ ಅದೇ ನಿಲ್ದಾಣಗಳಲ್ಲಿ ಸಾವಿರಾರು ಜನ ಬಂದು ಪ್ರತಿಭಟಿಸಿದರು. ವಕೀಲರು ಲ್ಯಾಪ್‌ಟಾಪ್ ತೆರೆದು ನೆಲದ ಮೇಲೆ ಕುಳಿತು, ಮುಖ ಪರಿಚಯವೂ ಇಲ್ಲದವರಿಗಾಗಿ ಹಣ ಪಡೆಯದೆ ಅರ್ಜಿ ಬರೆದರು. ಅವರಲ್ಲಿ ಹೆಚ್ಚಿನವರು ಮುಸ್ಲಿಮರಲ್ಲ. ಇದನ್ನು ಒಳ್ಳೆಯ ಅನುಭವಗಳ ಪಟ್ಟಿಯಲ್ಲಿ ಬರೆಯದಿದ್ದರೆ ನಾವೂ ಅಪ್ರಾಮಾಣಿಕರಾಗುತ್ತೇವೆ.

ಇನ್ನು ನಮ್ಮ ಮನೆಯ ಮಾತು. ದೂರದ ನ್ಯೂವಾರ್ಕಿನ ಬಗ್ಗೆ ಕೋಪಿಸಿಕೊಳ್ಳುವ ನಾವು ಹತ್ತಿರದ ಸಾಲನ್ನು ನೋಡಿದ್ದೇವೆಯೇ? 1983ರ ವಲಸೆ ಕಾಯಿದೆಯಡಿ ಹತ್ತನೆಯ ತರಗತಿ ಪಾಸಾಗದ ಸಾಮಾನ್ಯ ಕೂಲಿಗನ ಪಾಸ್‌ಪೋರ್ಟ್ ಬೇರೆ ವರ್ಗಕ್ಕೆ ಸೇರುತ್ತದೆ. ಗಲ್ಫ್ ಮುಂತಾದ ದೇಶಗಳಿಗೆ ದುಡಿಯಲು ಹೋಗುವ ಮುಂಚೆ ಅವನು ಅನುಮತಿ ಪಡೆಯಬೇಕು. ಮೋಸದ ಏಜೆಂಟರಿಂದ ಅವನನ್ನು ಕಾಪಾಡುವುದು ಕಾಯಿದೆಯ ಉದ್ದೇಶ. ಆದರೆ ಕೌಂಟರಿನಲ್ಲಿ ಆ ರಕ್ಷಣೆ ಎಷ್ಟೋ ಬಾರಿ ಗದರಿಕೆಯಾಗಿ ಬದಲಾಗುತ್ತದೆ. ಅಂಥವರಿಗೆ ಕಿತ್ತಳೆ ಬಣ್ಣದ ಪಾಸ್‌ಪೋರ್ಟನ್ನೇ ಕೊಡುವ ಪ್ರಸ್ತಾವವನ್ನು 2018ರ ಜನವರಿಯಲ್ಲಿ ಸರಕಾರ ಮುಂದಿಟ್ಟು, ಆಕ್ಷೇಪ ಬಂದ ಮೇಲೆ ಅದೇ ತಿಂಗಳು ಕೈಬಿಟ್ಟಿತು. ಸರಕಾರ ಹಾಗಿರಲಿ. ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ ತಳ್ಳಿಕೊಂಡು ಬರುವವನನ್ನು ಕಂಡು, ಅದೇ ವಿಮಾನದಲ್ಲಿ ಬಂದ ನಮ್ಮವರೇ ಮೂಗು ಮುರಿಯುವುದಿಲ್ಲವೇ? ಆ ಥಳಥಳಿಸುವ ನೆಲವನ್ನು ಹಾಸಿದವನು, ಒರೆಸುವವನು ಅವನೇ ತಾನೇ?

ಕುರ್‌ಆನ್ ಝಕಾತ್‌ನ ಹಕ್ಕುದಾರರಾದ ಎಂಟು ವರ್ಗಗಳಲ್ಲಿ ದಾರಿಹೋಕನನ್ನೂ ಸೇರಿಸಿದೆ. ಊರಿನಲ್ಲಿ ಎಷ್ಟೇ ಗಟ್ಟಿಗನಾದರೂ ದಾರಿಯಲ್ಲಿ ಮನುಷ್ಯ ನಿರ್ಗತಿಕನಾಗಬಹುದು ಎಂಬ ತಿಳಿವಳಿಕೆ ಇದರ ಹಿಂದಿದೆ. ನಮ್ಮ ನಾಡಿನ ಅರವಟ್ಟಿಗೆ, ಛತ್ರ, ಮುಸಾಫಿರ್‌ಖಾನೆಗಳೂ ಇದೇ ತಿಳಿವಳಿಕೆಯಿಂದ ಹುಟ್ಟಿದವು. 2022ರಲ್ಲಿ ಉದ್ಘಾಟನೆಯಾದ ಬೆಂಗಳೂರಿನ ಎರಡನೆಯ ಟರ್ಮಿನಲ್‌ನ ವಿನ್ಯಾಸ ಮಾಡಿದ್ದು ಹಜ್ಜ್ ಟರ್ಮಿನಲ್ ರೂಪಿಸಿದ ಅದೇ ಸಂಸ್ಥೆ. ಬಿದಿರು, ತೂಗುತೋಟಗಳ ಆ ಕಟ್ಟಡ ಚೆಲುವಾಗಿದೆ, ಪ್ರಶಸ್ತಿಯನ್ನೂ ಪಡೆದಿದೆ. ಅದನ್ನು ನೋಡಿ ಹೆಮ್ಮೆಪಡೋಣ. ಜೊತೆಗೆ, ಓದು ಬಾರದ ಒಬ್ಬ ತಾಯಿ ಅಲ್ಲಿ ಯಾರನ್ನು ದಾರಿ ಕೇಳಬೇಕು, ಅವರು ಅವಳಿಗೆ ಯಾವ ದನಿಯಲ್ಲಿ ಉತ್ತರ ಕೊಡುತ್ತಾರೆ ಎಂದೂ ಕೇಳೋಣ.

ಮದುವೆ ಮನೆಯ ಆ ಹಿರಿಯರ ವಿಷಯಕ್ಕೆ ಬರುತ್ತೇವೆ. "ನೀವು ಯಾವುದಕ್ಕೆ ಅಂಕ ಕೊಡುತ್ತೀರಿ ಕಾಕಾ?" ಎಂದು ಹುಡುಗನೊಬ್ಬ ಒತ್ತಾಯಿಸಿದ ಮೇಲೆ ಅವರು ಮಾತಾಡಿದರು. ಮೊದಲ ಸಲ ಹೊರಟಾಗ ಅವರಿಗೆ ಫಾರ್ಮ್ ತುಂಬಲು ಬರುತ್ತಿರಲಿಲ್ಲ. ಸಾಲಿನಲ್ಲಿ ಇಬ್ಬರನ್ನು ಕೇಳಿದರು, ಇಬ್ಬರೂ ಮುಖ ತಿರುಗಿಸಿದರು. ಮೂರನೆಯವನು ಕಾಲೇಜು ಹುಡುಗ. ತನ್ನ ಚೀಲವನ್ನು ಕೆಳಗಿಟ್ಟು, ಅವರದನ್ನು ತುಂಬಿ, ಅವರ ಹಿಂದೆ ನಿಂತಿದ್ದ ಏಳೆಂಟು ಮಂದಿಯದನ್ನೂ ತುಂಬಿಕೊಟ್ಟ. "ಅವನ ವಿಮಾನ ತಪ್ಪಿತೋ ಏನೋ, ನನಗೆ ಈಗಲೂ ಅದೇ ಚಿಂತೆ. ನಿಲ್ದಾಣ ಹೇಗಿತ್ತು ಅಂತ ನೆನಪಿಲ್ಲ ಮಗಾ" ಎಂದರು.

ಭಾರತೀಯರು ಹೊರಡುವಾಗ ತುಂಬಬೇಕಿದ್ದ ಆ ಫಾರ್ಮ್ 2017ರ ಜುಲೈಯಿಂದ ಇಲ್ಲ. ಆದರೆ ದಾರಿ ತಿಳಿಯದೆ ನಿಂತು ಅಕ್ಕಪಕ್ಕದವರ ಮುಖ ನೋಡುವವರು ಇಂದಿಗೂ ಪ್ರತಿ ಸಾಲಿನಲ್ಲಿ ಇದ್ದಾರೆ. ಮುಂದಿನ ಸಲ ನಿಲ್ದಾಣಕ್ಕೆ ಹೋದಾಗ, ಅಂಕ ಕೊಡುವ ಮುನ್ನ, ಅವರನ್ನೊಮ್ಮೆ ಮಾತಾಡಿಸೋಣ.