ಹಿಮದಡಿಯ ಸಸ್ಯಪ್ಲವಕ: ಒಂದು ಸಿದ್ಧಾಂತದ ಪರಾಮರ್ಶೆ

ಉತ್ತರಧ್ರುವದ ಕಡಲುಗಳಲ್ಲಿ ಚಳಿಗಾಲವು ಸಸ್ಯಪ್ಲವಕಗಳಿಗೆ ನಿದ್ರಾಕಾಲವೆಂಬ ಮತವು ಬಹುಕಾಲ ಪ್ರಶ್ನಾತೀತವಾಗಿ ನಡೆದುಬಂದಿತು. ಇದಕ್ಕೆ ಆಧಾರವೆಂದು ವಿದ್ವಾಂಸರು ಮುಂದಿಡುತ್ತಿದ್ದುದು 1953ರಲ್ಲಿ ಪ್ರಕಟವಾದ ಹರಾಲ್ಡ್ ಸ್ವೆರ್ಡ್ರುಪ್ ಅವರ ಕಿರುಪ್ರಬಂಧವನ್ನು. ‘ನಿರ್ಣಾಯಕ ಆಳ’ದ ಸಿದ್ಧಾಂತವು ಪ್ರಸಿದ್ಧಿಗೆ ಬಂದುದು ಅದರಿಂದಲೇ.

ಸಿದ್ಧಾಂತದ ಸಾರವು ಒಂದು ಆಯವ್ಯಯದ ಲೆಕ್ಕ. ಪ್ಲವಕವು ಬೆಳಕಿನಿಂದ ಗಳಿಸುತ್ತದೆ, ಉಸಿರಾಟದಲ್ಲಿ ವ್ಯಯಮಾಡುತ್ತದೆ. ಕೆಳಗಿಳಿದಂತೆಲ್ಲ ಬೆಳಕು ಕ್ಷೀಣಿಸುವುದು. ವ್ಯಯ ಮಾತ್ರ ಎಲ್ಲ ಆಳಗಳಲ್ಲಿಯೂ ಒಂದೇ. ಕಲಕಿದ ಮೇಲ್ಪದರವು ಒಂದು ಮೇರೆಯನ್ನು ಮೀರಿ ಆಳವಾದರೆ ಒಟ್ಟಿನಲ್ಲಿ ನಷ್ಟ. ಅದು ತೆಳುವಾದಾಗ ವಸಂತದ ಸಮೃದ್ಧಿ.

ವಾದದ ಸರಳತೆ ಮೆಚ್ಚತಕ್ಕದ್ದೇ. ಆದರೆ ಅದಕ್ಕೆ ನಿದರ್ಶನವಾದುವು 1949ರಲ್ಲಿ ನಾರ್ವೇಜಿಯನ್ ಸಮುದ್ರದ ತೆರೆದ ನೀರಿನಲ್ಲಿ ಹವಾನೌಕೆಯೊಂದರಿಂದ ದೊರೆತ ಅಳತೆಗಳು. ಪದರವು ಪೂರ್ತಿಯಾಗಿ ಕಲಕಿರಬೇಕು, ಪೋಷಕಾಂಶಗಳಿಗೆ ಕೊರತೆಯಿರಬಾರದು ಎಂಬ ನಿಬಂಧನೆಗಳನ್ನು ಸ್ವೆರ್ಡ್ರುಪ್ ಅವರೇ ಎಣಿಸಿ ಹೇಳಿದ್ದರು. ನಿಬಂಧನೆಗಳನ್ನು ಮರೆತು ಫಲಿತಾಂಶವನ್ನು ಮಾತ್ರ ಸೂತ್ರಮಾಡಿಕೊಂಡವರ ದೋಷವನ್ನು ಪ್ರಬಂಧದ ಮೇಲೆ ಹೊರಿಸುವುದು ನ್ಯಾಯವಲ್ಲ. ‘ಮೌಡ್’ ನೌಕೆಯ ಯಾತ್ರೆಯಲ್ಲಿ (1918–25) ವರ್ಷಗಟ್ಟಲೆ ಹಿಮದ ನಡುವೆ ಕಳೆದ ವಿಜ್ಞಾನಿಯ ಹೆಸರಿನಲ್ಲಿಯೇ ಹಿಮದಡಿಯ ನೀರನ್ನು ಬಂಜೆಯೆಂದುದು ವಿಪರ್ಯಾಸವೇ ಸರಿ.

ಈ ಮತವು ಮೂರು ಹಂತಗಳಲ್ಲಿ ಸಡಿಲಿತು. 2011ರ ಬೇಸಗೆಯಲ್ಲಿ ಕೆವಿನ್ ಅರಿಗೊ ಮತ್ತು ಸಂಗಡಿಗರು ಚುಕ್ಚಿ ಸಮುದ್ರದಲ್ಲಿ ಸುಮಾರು ಒಂದು ಮೀಟರು ದಪ್ಪದ ಹಿಮದಡಿಯಲ್ಲಿ ಪ್ಲವಕದ ಅಪಾರ ರಾಶಿಯನ್ನು ಕಂಡರು. ಗ್ರೀನ್‌ಲ್ಯಾಂಡಿಗೂ ಕೆನಡಾಕ್ಕೂ ನಡುವಣ ಬ್ಯಾಫಿನ್ ಕೊಲ್ಲಿಯಲ್ಲಿ ತಾವಾಗಿಯೇ ಮುಳುಗೇಳುವ ತೇಲುಯಂತ್ರಗಳು, ಹಿಮ ಕವಿದಿರುವಾಗಲೇ, ಫೆಬ್ರವರಿಯಲ್ಲಿಯೇ ಬೆಳವಣಿಗೆಯ ಆರಂಭವನ್ನು ಗುರುತಿಸಿದುವು. ಇದು ಪ್ರಕಟವಾದುದು 2020ರಲ್ಲಿ. ಧ್ರುವರಾತ್ರಿ ಮುಗಿಯುತ್ತಲೇ, ನಡುಹಗಲ ಪ್ರಖರ ಬಿಸಿಲಿನ ಸುಮಾರು ಐವತ್ತು ಸಾವಿರದಲ್ಲೊಂದು ಪಾಲಿನ ಬೆಳಕಿನಲ್ಲಿಯೂ ಬೆಳವಣಿಗೆ ಸಾಧ್ಯವೆಂದು 2024ರಲ್ಲಿ ಕ್ಲಾರಾ ಹೊಪ್ಪೆ ಮತ್ತು ಸಂಗಡಿಗರು ತೋರಿಸಿದರು.

ಇಷ್ಟರಿಂದ ಹಳೆಯ ಸಿದ್ಧಾಂತವು ಕುಸಿಯಿತೆನ್ನುವುದು ಇನ್ನೊಂದು ಅತಿರೇಕ. ಬೆಳವಣಿಗೆ ಬೇರೆ, ಸಮೃದ್ಧಿ ಬೇರೆ. ಫೆಬ್ರವರಿಯ ಪ್ಲವಕದ ಪ್ರಮಾಣ ಅತ್ಯಲ್ಪ. ಪೂರ್ಣ ಸುಗ್ಗಿಗೆ ಅದು ಬೆಳಕನ್ನು ಕಾಯಲೇಬೇಕು. ಬಿದ್ದುಹೋದುದು ಆಯವ್ಯಯದ ತತ್ತ್ವವಲ್ಲ, ಬದುಕಲು ಇಷ್ಟು ಬೆಳಕು ಬೇಕೇಬೇಕೆಂದು ಹಾಕಿದ್ದ ಗೆರೆ. ಮಂದಬೆಳಕಿಗೆ ಒಗ್ಗಿದ ಜೀವಿಯ ವ್ಯಯವೂ ಕಿರಿದಾಗಿರಬಹುದೆಂಬುದನ್ನು ಆ ಗೆರೆ ಎಣಿಕೆಗೆ ತಂದಿರಲಿಲ್ಲ.

ಕಡಲ ಬಣ್ಣವನ್ನು ಅಳೆಯುವ ಉಪಗ್ರಹಗಳು ಹಿಮದಡಿಯನ್ನು ಕಾಣಲಾರವು. ಹಿಮವು ವರ್ಷೇ ವರ್ಷೇ ತೆಳುವಾಗುತ್ತಿರುವ ಈ ಕಾಲದಲ್ಲಿ, ಹಿಂದೆ ಅಲ್ಲಿ ಏನಿತ್ತೆಂಬುದನ್ನು ಸರಿಯಾಗಿ ಅರಿಯದೆ ಇಂದು ಏನು ಹೆಚ್ಚಿತೆಂದು ಹೇಳುವುದು ಸಾಹಸವಾದೀತು. ಕಾಣದುದನ್ನು ಇಲ್ಲವೆಂದು ಬರೆದಿಟ್ಟ ಲೆಕ್ಕವನ್ನು ಮೊದಲು ತಿದ್ದಬೇಕು.