ಕಂಡದ್ದೋ, ಕಟ್ಟಿದ್ದೋ: ಶ್ರೀನಿವಾಸರ ಕೊಡಗಿನ ಗ್ರಂಥ

ಗುರುತ್ವಾಕರ್ಷಣ ನಿಯಮವನ್ನು ನ್ಯೂಟನ್ನನು ಕಂಡುಹಿಡಿದನೆಂದು ಹೇಳುವಂತೆಯೇ ದೂರವಾಣಿಯನ್ನು ಬೆಲ್ಲನು ಕಂಡುಹಿಡಿದನೆಂದೂ ಕನ್ನಡದಲ್ಲಿ ಹೇಳುವುದು ರೂಢಿ. ಮೊದಲನೆಯದು ಮನುಷ್ಯನು ಹುಟ್ಟುವ ಮುನ್ನವೇ ಇದ್ದ ಸಂಗತಿ. ಎರಡನೆಯದು ಅವನು ಮಾಡುವ ತನಕ ಇಲ್ಲದಿದ್ದ ವಸ್ತು. ಎರಡಕ್ಕೂ ಒಂದೇ ಮಾತನ್ನು ಬಳಸುವುದು ಭಾಷೆಯ ಬಡತನವೆಂದು ಕೆಲವರು ಬಗೆಯಬಹುದು. ಆದರೆ ಆ ಪದದೊಳಗೆ ಕಾಣುವುದು, ಹಿಡಿಯುವುದು ಎಂಬ ಎರಡು ವ್ಯಾಪಾರಗಳಿರುವುದನ್ನು ಮರೆಯಲಾಗದು. ಕಂಡುದನ್ನು ಹಿಡಿಯಬೇಕಾದರೆ ಅದಕ್ಕೊಂದು ಹೆಸರು ಬೇಕು. ಆ ಹೆಸರನ್ನು ಮನುಷ್ಯನೇ ಕಟ್ಟಬೇಕು. ಮನುಷ್ಯನ ಜ್ಞಾನದಲ್ಲಿ ಕಂಡದ್ದೆಷ್ಟು, ಕಟ್ಟಿದ್ದೆಷ್ಟು ಎಂಬ ವಿಚಾರಕ್ಕೆ ಕೊಡಗಿನ ವಿಷಯವಾಗಿಯೇ ಹುಟ್ಟಿದ ಗ್ರಂಥವೊಂದು ಒಳ್ಳೆಯ ನಿದರ್ಶನವಾಗಿದೆ.

ಮೈಸೂರಿನ ಎಂ. ಎನ್. ಶ್ರೀನಿವಾಸರು ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಗ್ರಂಥವು 1952ರಲ್ಲಿ ಆಕ್ಸ್‌ಫರ್ಡಿನಿಂದ ಪ್ರಕಟವಾಯಿತು. ಕೆಳಗಿನ ಜಾತಿಯೊಂದು ಮಾಂಸಮದ್ಯಗಳನ್ನು ಬಿಟ್ಟು, ಮೇಲಿನವರ ಆಚಾರಗಳನ್ನೂ ದೇವತೆಗಳನ್ನೂ ಅಂಗೀಕರಿಸಿ, ಒಂದೆರಡು ತಲೆಮಾರುಗಳಲ್ಲಿ ಮೇಲೇರುವ ಕ್ರಮಕ್ಕೆ ‘ಸಂಸ್ಕೃತೀಕರಣ’ವೆಂಬ ಹೆಸರನ್ನು ಲೋಕಪ್ರಸಿದ್ಧಗೊಳಿಸಿದುದು ಈ ಗ್ರಂಥವೇ. ಕೊಡಗಿನ ಹಿರಿಯರು ಇಲ್ಲೊಂದು ಆಕ್ಷೇಪವನ್ನೆತ್ತಿದರೆ ಅದು ನ್ಯಾಯವಾದುದೇ. ಒಕ್ಕ, ಐನ್‌ಮನೆ, ಕಾರಣನ ಪೂಜೆ, ಪುತ್ತರಿ ಇವೆಲ್ಲ ಮನೆಮನೆಗೂ ತಿಳಿದುವು. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿಯೇ ‘ಪಟ್ಟೋಲೆ ಪಳಮೆ’ಯಲ್ಲಿ ಹಾಡುಗಳನ್ನೂ ಪದ್ಧತಿಗಳನ್ನೂ ಕೂಡಿಟ್ಟಿದ್ದರು, ಶ್ರೀನಿವಾಸರೂ ಆ ಸಂಗ್ರಹದ ಋಣಿಗಳೇ. ಹಾಗಾದರೆ ಅವರು ಹೊಸದಾಗಿ ಕಂಡದ್ದೇನು? ಒಂದು ಪದವನ್ನು ಕಟ್ಟಿದರೆಂಬುದಷ್ಟೇ ಉಳಿಯುವುದಿಲ್ಲವೆ?

ಈ ಆಕ್ಷೇಪವು ಪೂರ್ತಿ ನಿಲ್ಲುವಂಥದಲ್ಲ. ಬರಿಯ ಕಲ್ಪನೆಯಾಗಿದ್ದರೆ ಅದು ಕರ್ತೃವಿನ ಇಚ್ಛೆಗೆ ಒಳಪಟ್ಟಿರುತ್ತಿತ್ತು. ಇಲ್ಲಿ ಹಾಗಾಗಲಿಲ್ಲ. ಅಮ್ಮಕೊಡವರು ಜನಿವಾರ ಧರಿಸಿ ಮಾಂಸಮದ್ಯಗಳನ್ನು ವರ್ಜಿಸಿದವರು. ಅವರು ಸೂತ್ರಕ್ಕೆ ಸರಿಯಾಗಿ ಹೊಂದುತ್ತಾರೆ. ಉಳಿದ ಕೊಡವರಾದರೋ ಹಂದಿಯ ಮಾಂಸವನ್ನಾಗಲಿ ಮದ್ಯವನ್ನಾಗಲಿ ಬಿಡದೆ, ಕೈಲ್‌ಪೋಳ್ದಿನಲ್ಲಿ ಆಯುಧಗಳನ್ನು ಪೂಜಿಸುತ್ತ, ಕಾವೇರಿಯನ್ನು ತಾಯಿಯೆಂದು ನಂಬಿ, ಕ್ಷತ್ರಿಯರೆಂಬ ಅಭಿಮಾನವನ್ನು ತಳೆದವರು. ಮಾದರಿಯೆಂದರೆ ಬ್ರಾಹ್ಮಣ ಮಾದರಿಯೊಂದೇ ಎಂದರೆ ಈ ಬಾಳು ಅರ್ಥವಾಗುವುದಿಲ್ಲ. ಕೊಡಗಿನ ಗ್ರಂಥದಲ್ಲಿ ಬ್ರಾಹ್ಮಣ ಮಾದರಿಗೆ ಮಿತಿಮೀರಿ ಒತ್ತುಕೊಟ್ಟುದಾಯಿತೆಂದು ಶ್ರೀನಿವಾಸರೇ 1966ರ ತಮ್ಮ ಇನ್ನೊಂದು ಗ್ರಂಥದಲ್ಲಿ ಒಪ್ಪಿ, ಕ್ಷತ್ರಿಯಾದಿ ಮಾದರಿಗಳಿಗೂ ಎಡೆಮಾಡಿಕೊಟ್ಟು ಲಕ್ಷಣವನ್ನು ತಿದ್ದಿದರು. ಕಟ್ಟಿದವನನ್ನೇ ತಿದ್ದಿಸುವ ಶಕ್ತಿ ಕಟ್ಟಿದ ಪದಕ್ಕಿಲ್ಲ. ಅದರ ಹಿಂದಿರುವ, ಅವನು ಕಟ್ಟದ ಸಂಗತಿಗೆ ಉಂಟು. ವಿದ್ವಾಂಸರು ತಮ್ಮ ಸೂತ್ರವನ್ನು ಹೀಗೆ ಬಹಿರಂಗವಾಗಿ ತಿದ್ದಿಕೊಳ್ಳುವುದು ಅಪರೂಪವೆಂಬುದನ್ನೂ ಹೇಳಬೇಕು.

ಆದರೂ ಹೆಸರಿನಿಂದ ಒಂದು ನಷ್ಟವೂ ಆಗಿದೆ. ಅದನ್ನರಿಯಲು ವಿರಾಜಪೇಟೆಯಿಂದ ಪೆರುಂಬಾಡಿಯ ಮೂಲಕ ಪಡುವಣಕ್ಕೆ ಇಳಿಯುವ ಮಾಕುಟ್ಟದ ಕಾಡುದಾರಿಯನ್ನು ನೆನೆದರೆ ಸಾಕು. ಕಾಡು ಮುಗಿಯುವಲ್ಲಿ ಕೇರಳದ ಕಣ್ಣೂರು ಜಿಲ್ಲೆ. 1956ರ ರಾಜ್ಯವಿಂಗಡಣೆಯಲ್ಲಿ ಕೊಡಗು ಮೈಸೂರಿಗೂ ಮಲಬಾರು ಕೇರಳಕ್ಕೂ ಸೇರಿದಂದಿನಿಂದ ಇಲ್ಲಿಯದು ಎರಡು ರಾಜ್ಯಗಳ ಗಡಿ. ಭಕ್ತಿಯು ಮಾತ್ರ ಆ ಗೆರೆಯನ್ನು ಮನ್ನಿಸಿದ್ದಿಲ್ಲ. ಘಟ್ಟದ ಕೆಳಗಿನ ಬೈತೂರಿನ ದೇವರ ಉತ್ಸವಕ್ಕೆ ಕೊಡವರು ಎತ್ತುಗಳ ಮೇಲೆ ಅಕ್ಕಿಯನ್ನು ಹೇರಿಕೊಂಡು ಹೋಗುವ ಪದ್ಧತಿ ಬಹಳ ಹಳೆಯದು. ಇಗ್ಗುತಪ್ಪನೂ ಅವನ ಒಡಹುಟ್ಟಿದವರೂ ಮಲೆಯಾಳ ದೇಶದಿಂದ ಬಂದರೆಂದು ಕೊಡವರ ಐತಿಹ್ಯ ಹೇಳುತ್ತದೆ. ಇದು ಮೇಲೇರುವ ಸಂಬಂಧವಲ್ಲ, ಘಟ್ಟವನ್ನು ಇಳಿದು ನೆರೆಯವರೊಡನೆ ಬೆಳೆಸಿದ ಸಂಬಂಧ.

ಶ್ರೀನಿವಾಸರಿಗೆ ಇದು ಕಾಣಲಿಲ್ಲವೆಂದರೆ ಅನ್ಯಾಯವಾದೀತು. ಹಿಂದೂಧರ್ಮದ ಹರಹನ್ನು ಸ್ಥಳೀಯ, ಪ್ರಾಂತೀಯ, ದಕ್ಷಿಣಾಪಥದ ಮತ್ತು ಅಖಿಲ ಭಾರತದ ಎಂದು ನಾಲ್ಕು ಬಗೆಯಾಗಿ ಅವರು ಆ ಗ್ರಂಥದಲ್ಲಿಯೇ ವಿಂಗಡಿಸಿದ್ದರು. ವಿಮರ್ಶಕದೃಷ್ಟಿಗೆ ಈ ವಿಂಗಡಣೆಯೇ ಕೊಡಗಿಗೆ ಹೆಚ್ಚು ಸಮೀಪವಾಗಿ ತೋರುತ್ತದೆ. ಆದರೆ ಸಂಸ್ಕೃತೀಕರಣವೆಂಬ ಪದವು ಪಾಠಪುಸ್ತಕಗಳನ್ನು ತುಂಬಿತು. ಗ್ರಂಥವನ್ನೋದದವರೂ ಪದವನ್ನು ಬಲ್ಲವರಾದರು. ಘಟ್ಟವಿಳಿದು ಅಕ್ಕಿಯನ್ನೊಪ್ಪಿಸಿ ಬರುವವರ ನಡೆಗೆ ‘ಪ್ರಾಂತೀಯ’ ಎಂಬ ಬೋಳು ವಿಶೇಷಣವನ್ನುಳಿದು ಬೇರೊಂದು ಹೆಸರು ದೊರೆಯಲಿಲ್ಲ.