ಬೆಳಕಿನ ಕೊಳವೆ: ಪಾಠದಲ್ಲಿ ಬಿಟ್ಟುಹೋದ ಭಾಗ

ನಮ್ಮ ದ್ವಿತೀಯ ಪಿಯುಸಿ ತರಗತಿಗಳಲ್ಲಿ ಬಳಕೆಯಲ್ಲಿರುವ ಎನ್‌ಸಿಇಆರ್‌ಟಿ ಭೌತಶಾಸ್ತ್ರ ಪಠ್ಯವನ್ನು ನೀವು ಓದಿರುತ್ತೀರಿ, ಇಲ್ಲವೇ ಬೋಧಿಸಿರುತ್ತೀರಿ. ಪೂರ್ಣ ಆಂತರಿಕ ಪ್ರತಿಫಲನದ ಅನ್ವಯವಾಗಿ ಅಲ್ಲಿ ದ್ಯುತಿ ತಂತು ಬರುತ್ತದೆ. ಅನ್ನನಾಳ, ಜಠರ, ಕರುಳುಗಳನ್ನು ನೋಡಲು ಅದು ಬೆಳಕಿನ ಕೊಳವೆಯಾಗಿ ನೆರವಾಗುತ್ತದೆ ಎಂಬಲ್ಲಿಗೆ ವೈದ್ಯಕೀಯದ ಮಾತು ಮುಗಿಯುತ್ತದೆ. ಇದು ತಪ್ಪಲ್ಲ, ಆದರೆ ಸಾಲದು.

ಮೊದಲನೆಯದಾಗಿ, ಬೆಳಕನ್ನು ಒಯ್ಯುವುದೂ ಬಿಂಬವನ್ನು ತರುವುದೂ ಒಂದೇ ಅಲ್ಲ. ಬೆಳಕಿಗೆ ಎಳೆಗಳ ಕ್ರಮ ಹೇಗಿದ್ದರೂ ಸರಿ. ಬಿಂಬಕ್ಕಾದರೆ ಪ್ರತಿ ಎಳೆಯೂ ಎರಡೂ ತುದಿಗಳಲ್ಲಿ ಒಂದೇ ಸ್ಥಾನದಲ್ಲಿರಬೇಕು. ಇಂತಹ ಕಟ್ಟಿನ ಮೂಲಕ ಬಿಂಬ ತರುವುದನ್ನು ಹಾಪ್ಕಿನ್ಸ್ ಮತ್ತು ನರಿಂದರ್ ಸಿಂಗ್ ಕಪಾನಿ 1954ರಲ್ಲಿ ವರದಿ ಮಾಡಿದರು. ಇಂದಿನ ವಿಡಿಯೊ ಎಂಡೋಸ್ಕೋಪಿನಲ್ಲಿ ತುದಿಯಲ್ಲೇ ಪುಟ್ಟ ಕ್ಯಾಮೆರಾ ಚಿಪ್ ಇರುತ್ತದೆ. ಬಿಂಬ ವಿದ್ಯುತ್ ಸಂಕೇತವಾಗಿ ತಂತಿಯಲ್ಲಿ ಬರುತ್ತದೆ. ಎಳೆಗಳ ಕೆಲಸ ಒಳಗೆ ಬೆಳಕು ಚೆಲ್ಲುವುದಷ್ಟೇ. ಇದನ್ನು ಎಷ್ಟು ಮಂದಿ ಹೇಳಿಕೊಡುತ್ತೇವೆ?

ಎರಡನೆಯದು ನಮ್ಮ ಸಂಕೋಚ. ಗುದನಾಳದ ಮಾತು ಬಂದರೆ ತರಗತಿ ನಗುತ್ತದೆ, ನಾವು ಮುಂದಕ್ಕೆ ಹೋಗುತ್ತೇವೆ. ಆದರೆ ಅತಿ ಸರಳ ದರ್ಶಕ ಉಪಕರಣ ಇರುವುದು ಅಲ್ಲೇ. ಹಸುವಿನ ಮೊಲೆಯ ಆಕಾರದ, ನಾಲ್ಕು ಅಂಗುಲ ಉದ್ದದ ಅರ್ಶೋಯಂತ್ರವನ್ನು ಸುಶ್ರುತ ಸಂಹಿತೆ ವರ್ಣಿಸುತ್ತದೆ: ಎರಡು ರಂಧ್ರಗಳದ್ದು ನೋಡಲು, ಒಂದು ರಂಧ್ರದ್ದು ಚಿಕಿತ್ಸೆಗೆ. ಇಂದಿನ ಪ್ರಾಕ್ಟೋಸ್ಕೋಪ್ ಕೂಡ ಮೂಲತಃ ನೇರ ಕೊಳವೆಯೇ.

ಒಂದು ಲೆಕ್ಕ ಮಾಡಿ ನೋಡಿ. 2 ಸೆಂ.ಮೀ. ವ್ಯಾಸದ ಕೊಳವೆ 7 ಸೆಂ.ಮೀ. ಉದ್ದವಿದ್ದರೆ, ಅದರ ತುದಿಯಲ್ಲಿಟ್ಟ ಕಣ್ಣಿಗೆ ಸಿಗುವ ನೋಟದ ಕೋನ ಸುಮಾರು 16 ಡಿಗ್ರಿ. 25 ಸೆಂ.ಮೀ. ಉದ್ದವಾದರೆ 5 ಡಿಗ್ರಿಗೂ ಕಡಿಮೆ. ಮೇಲಾಗಿ ಗಡುಸಾದ ಕೊಳವೆ ಕರುಳಿನ ತಿರುವಿನಲ್ಲಿ ಬಾಗದು. ಬಾಗುವ ತಂತು ಏಕೆ ಬೇಕಾಯಿತು ಎಂಬುದು ಆಗ ತಾನಾಗಿ ತಿಳಿಯುತ್ತದೆ.

ಈ ಮಿತಿಯ ಅರಿವು ಪರೀಕ್ಷೆಯ ಅಂಕಗಳಿಗಷ್ಟೇ ಅಲ್ಲ. ಶ್ರೀಗಂಧದ ಕಾವಲಿನಿಂದ ಮಾಗಡಿ ರಸ್ತೆಯತ್ತ ನಡೆದರೆ, ಆಪರೇಷನ್ ಇಲ್ಲದೆ ಮೂಲವ್ಯಾಧಿ ಗುಣಪಡಿಸುವ ಭರವಸೆಯ ಗೋಡೆ ಜಾಹೀರಾತುಗಳು ಕಣ್ಣಿಗೆ ಬೀಳುತ್ತವೆ. ರಕ್ತ ಬಿದ್ದರೆ ಮೂಲವ್ಯಾಧಿಯೇ ಎಂದು ಅವು ನಂಬಿಸುತ್ತವೆ. ಆದರೆ ಗುದನಾಳದ ಉದ್ದ 12ರಿಂದ 15 ಸೆಂ.ಮೀ. ಗಿಡ್ಡ ಕೊಳವೆಯಲ್ಲಿ ಮೂಲವ್ಯಾಧಿ ಕಂಡಿತೆಂದರೆ ಅದರಾಚೆ ಗಡ್ಡೆ ಇಲ್ಲವೆಂದಲ್ಲ. ಉಪಕರಣ ತಲುಪದ ಕಡೆಯ ಬಗ್ಗೆ ಅದು ಏನನ್ನೂ ಹೇಳದು. ಇನ್ನೂ ಉದ್ದದ ಉಪಕರಣ ಬೇಕೇ ಎಂಬುದನ್ನು ವೈದ್ಯರು ನಿರ್ಧರಿಸಬೇಕು, ಗೋಡೆಯಲ್ಲ.

ಮುಂದಿನ ಬಾರಿ ಈ ಪಾಠ ಮಾಡುವಾಗ ಎರಡು ಕಾಗದದ ಕೊಳವೆ, ಒಂದು ಟಾರ್ಚ್ ಒಯ್ಯಿರಿ. ಗುದನಾಳದ ಹೆಸರನ್ನು ಸಂಕೋಚವಿಲ್ಲದೆ ಹೇಳಿ. ಮಕ್ಕಳು ಒಮ್ಮೆ ನಗಬಹುದು. ಮನೆಯಲ್ಲಿ ಯಾರಾದರೂ ರಕ್ತಸ್ರಾವವನ್ನು ಮುಚ್ಚಿಟ್ಟುಕೊಂಡಿದ್ದರೆ, ಆ ಮಗುವೇ ಅವರನ್ನು ಆಸ್ಪತ್ರೆಗೆ ಹೊರಡಿಸಬಹುದು.